ಥಿಯೇಟರ್ ದೂರ ಇದ್ರೂ ಮ್ಯೂಸಿಕಲ್ ಸವಿಯೋದು ಹೇಗೆ: ಆಲ್ಬಮ್, ಪುಸ್ತಕ, ವಿಡಿಯೋ ಹಿಡ್ಕೊಂಡು ಒಂದು ದಾರಿ

"ಹಾಡೆಲ್ಲ ಚೆನ್ನಾಗಿದೆ, ಆದ್ರೆ ಕಥೆ ಏನೂ ತಿಳೀಲಿಲ್ಲ." "ಒಂದೇ ಹೆಸರಲ್ಲಿ ಹತ್ತು ಆಲ್ಬಮ್ ಬರ್ತಾವೆ, ಯಾವುದು ಕೇಳ್ಬೇಕು?" "ಸಿನಿಮಾ ನೋಡಿದ್ರೆ ಸಾಕಲ್ವಾ?" ಮ್ಯೂಸಿಕಲ್, ಅಂದ್ರೆ ಹಾಡು, ಮಾತು, ಕುಣಿತ ಸೇರಿಸಿ ಕಥೆ ಹೇಳೋ ನಾಟಕ, ಅದರ ಬಗ್ಗೆ ಬರೆದಾಗೆಲ್ಲ ಈ ಮೂರು ಪ್ರಶ್ನೆ ಬಂದೇ ಬರುತ್ತೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆಯೋ ಬದಲು ಎಲ್ಲಾನೂ ಇಲ್ಲೇ ಒಂದು ಕಡೆ ಹಾಕ್ತಿದ್ದೀನಿ, ಇಂಥ ನಾಟಕಗಳ ದೊಡ್ಡ ರಂಗಮಂದಿರಗಳಿರೋ ನ್ಯೂಯಾರ್ಕಿನ ಬ್ರಾಡ್‌ವೇಗಾಗಲೀ ಲಂಡನ್ನಿನ ವೆಸ್ಟ್ ಎಂಡ್‌ಗಾಗಲೀ ಹೋಗೋಕೆ ಆಗದೇ ಇರೋರು ಕೂತಲ್ಲೇ ಹೇಗೆ ಶುರು ಮಾಡ್ಬಹುದು ಅಂತ.

ಒಂದು ವಿಷಯ ಮೊದಲೇ ಹೇಳ್ಬಿಡ್ತೀನಿ. ಆಲ್ಬಮ್ ಅನ್ನೋದು ನಾಟಕ ಅಲ್ಲ. ರಂಗದ ಮೇಲೆ ಹಾಡು, ಮಾತು, ಕುಣಿತ ಮೂರೂ ಒಂದಕ್ಕೊಂದು ಹೆಣ್ಕೊಂಡಿರುತ್ತೆ. ಆಲ್ಬಮ್‌ಗೆ ಬಂದಾಗ ಹಾಡು ಮಾತ್ರ ಉಳಿಯುತ್ತೆ, ಮಾತು ಪುಸ್ತಕದಲ್ಲಿ ಉಳಿಯುತ್ತೆ, ನಟರ ಮೈ, ಬೆಳಕು, ನಡೆ ಎಲ್ಲಾ ವಿಡಿಯೋದಲ್ಲಿ. ಹೀಗೆ ಚೆದುರಿ ಹೋಗಿರೋದನ್ನ ನೀವು ತಲೆಯಲ್ಲಿ ಮತ್ತೆ ಒಟ್ಟು ಮಾಡ್ಕೋಬೇಕು, ಅದಕ್ಕೆ ಯಾವುದು ಮೊದಲು ಯಾವುದು ಆಮೇಲೆ ಅನ್ನೋದು ತುಂಬಾ ಮುಖ್ಯ. ಬಹಳಷ್ಟು ಜನ ನಿರಾಸೆ ಆಗಿ ಬಿಟ್ಟುಬಿಡೋದು ಮ್ಯೂಸಿಕಲ್ ಇಷ್ಟ ಆಗದೇ ಅಲ್ಲ, ಕ್ರಮ ಉಲ್ಟಾ ಆಗಿ.

ಏನೇನು ಬೇಕು

ಒಂದು ಮ್ಯೂಸಿಕ್ ಆ್ಯಪ್, ತಕ್ಕಮಟ್ಟಿಗಿನ ಹೆಡ್‌ಫೋನ್, ಇಂಗ್ಲಿಷ್ ಸಾಲುಗಳನ್ನ ಕಣ್ಣಾಡಿಸಿ ಓದೋಕೆ ಆಗೋಷ್ಟು ಅಭ್ಯಾಸ, ಯಾರೂ ತೊಂದರೆ ಕೊಡದ ಒಂದೂವರೆ ಗಂಟೆ. ಅಷ್ಟೇ. ದುಬಾರಿ ಸ್ಪೀಕರ್, ಸಂಗೀತದ ಪಾಠ, ಸ್ವರಲಿಪಿ ಓದೋದು ಇದ್ಯಾವುದೂ ಬೇಕಾಗಿಲ್ಲ. ಹೆಡ್‌ಫೋನ್ ಮಾತ್ರ ಬೇಕೇ ಬೇಕು ಅಂತೀನಿ, ಯಾಕಂದ್ರೆ ಇಲ್ಲಿ ಮಾತು ತಿಳಿಯೋದು ಮುಖ್ಯ, ಫೋನಿನ ಸ್ಪೀಕರ್‌ನಲ್ಲಿ ನಾಲ್ಕು ಜನ ಒಟ್ಟಿಗೆ ಹಾಡಿದ್ರೆ ಬರೀ ಗದ್ದಲ ಕೇಳುತ್ತೆ.

ಕೆಲವು ಪದಗಳು ಪದೇ ಪದೇ ಬರುತ್ತೆ, ಒಮ್ಮೆ ನೋಡ್ಕೊಂಡ್ಬಿಡಿ. ಕಾಸ್ಟ್ ರೆಕಾರ್ಡಿಂಗ್ ಅಂದ್ರೆ ರಂಗದ ಮೇಲೆ ಆಡಿದ ಕಲಾವಿದರೇ ಹಾಡಿರೋ ಆಲ್ಬಮ್, ಸಾಮಾನ್ಯವಾಗಿ ಸ್ಟುಡಿಯೋದಲ್ಲಿ ಮಾಡಿರ್ತಾರೆ. ಬುಕ್ ಅಂದ್ರೆ ಇಲ್ಲಿ ಪುಸ್ತಕ ಅಂತಲ್ಲ, ನಾಟಕದ ಕಥೆಯ ಕಟ್ಟು ಮತ್ತು ಸಂಭಾಷಣೆ. ಲಿಬ್ರೆಟೋ ಅಂದ್ರೆ ಆ ಸಂಭಾಷಣೆ ಮತ್ತು ಹಾಡಿನ ಸಾಹಿತ್ಯ ಎರಡೂ ಸೇರಿದ ಪೂರ್ತಿ ಪಠ್ಯ. ಓವರ್ಚರ್ ಅಂದ್ರೆ ಪರದೆ ಏಳೋ ಮುಂಚೆ ವಾದ್ಯವೃಂದ ನುಡಿಸೋ ಭಾಗ. ರಿಪ್ರೈಸ್ ಅಂದ್ರೆ ಮುಂಚೆ ಬಂದ ಹಾಡು ಇನ್ನೊಂದು ಸಂದರ್ಭದಲ್ಲಿ ಮತ್ತೆ ಬರೋದು. ರಿವೈವಲ್ ಅಂದ್ರೆ ಹಳೇ ನಾಟಕದ ಹೊಸ ಪ್ರಯೋಗ. ಪ್ರೋಶಾಟ್ ಅಂದ್ರೆ ರಂಗಪ್ರಯೋಗವನ್ನೇ ಅನುಮತಿ ತಗೊಂಡು ಹಲವು ಕ್ಯಾಮೆರಾ ಇಟ್ಟು ಚಿತ್ರೀಕರಿಸಿದ್ದು, ಸಿನಿಮಾ ಅಲ್ಲ.

1. ಒಂದೇ ಒಂದು ನಾಟಕ ಆರಿಸ್ಕೊಳ್ಳಿ

"ಬೆಸ್ಟ್ ಆಫ್ ಬ್ರಾಡ್‌ವೇ" ಥರದ ಪ್ಲೇಲಿಸ್ಟ್ ಇಂದ ಶುರು ಮಾಡ್ಬೇಡಿ. ಮ್ಯೂಸಿಕಲ್ ಹಾಡು ಅಂದ್ರೆ ಒಂದು ಪಾತ್ರ ಒಂದು ಇಕ್ಕಟ್ಟಿನಲ್ಲಿ ನಿಂತು ಹಾಡೋದು, ಆ ಇಕ್ಕಟ್ಟು ಏನು ಅಂತ ಗೊತ್ತಿಲ್ದೇ ಇಪ್ಪತ್ತು ನಾಟಕದ ಇಪ್ಪತ್ತು ಕ್ಲೈಮ್ಯಾಕ್ಸ್ ಸಾಲಾಗಿ ಕೇಳಿದ್ರೆ ಎಲ್ಲರೂ ಯಾಕೋ ಸುಮ್ನೆ ಕಿರುಚ್ತಿದಾರೆ ಅನ್ಸುತ್ತೆ.

ಮೊದಲ ನಾಟಕಕ್ಕೆ ನನ್ನ ಸಲಹೆ: ಮಾತು ತೀರಾ ಕಡಿಮೆ ಇದ್ದು ಹೆಚ್ಚೂಕಡಿಮೆ ಪೂರ್ತಿ ಹಾಡಲ್ಲೇ ನಡೆಯೋದನ್ನ ತಗೊಳ್ಳಿ. ಆಗ ಆಲ್ಬಮ್ ಕೇಳಿದ್ರೇ ನಾಟಕದ ಬಹುಪಾಲು ಸಿಕ್ಕಿಬಿಡುತ್ತೆ. 2015ರ ಹ್ಯಾಮಿಲ್ಟನ್ ಇದಕ್ಕೆ ಹೇಳಿ ಮಾಡಿಸಿದ್ದು, ಎರಡು ಗಂಟೆಗೂ ಮೀರಿದ ಆಲ್ಬಮ್‌ನಲ್ಲಿ ಒಂದು ಪುಟ್ಟ ದೃಶ್ಯ ಬಿಟ್ರೆ ನಾಟಕ ಪೂರ್ತಿ ಇದೆ, ಆ ಒಂದು ದೃಶ್ಯವನ್ನೂ ಬೇಕಂತಲೇ ರಂಗಕ್ಕೆ ಮಾತ್ರ ಅಂತ ಉಳಿಸ್ಕೊಂಡಿದಾರೆ. ರ‍್ಯಾಪ್ ನಿಮಗೆ ಆಗಿಬರಲ್ಲ ಅಂದ್ರೆ ಲೇ ಮಿಸೆರಾಬ್ಲ್, ಅದೂ ಬೇಡ ರಾಕ್ ಬೇಕು ಅಂದ್ರೆ ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್. ಈ ಕೊನೇದರ ಕಥೆ ಇನ್ನೂ ಸ್ವಾರಸ್ಯ, 1970ರಲ್ಲಿ ಮೊದಲು ಬಂದಿದ್ದೇ ಆಲ್ಬಮ್, 1971ರಲ್ಲಿ ಬ್ರಾಡ್‌ವೇ ರಂಗಕ್ಕೆ ಬಂತು, ಅಂದ್ರೆ ಕೇಳೋಕೇ ಅಂತ ಹುಟ್ಟಿದ ನಾಟಕ. 1976ರ ಎವಿಟಾ ಆಲ್ಬಮ್ ಕೂಡ ಹಾಗೇನೇ, ಲಂಡನ್ ರಂಗಕ್ಕೆ ಬಂದಿದ್ದು 1978ರಲ್ಲಿ.

ಮಾತು ಜಾಸ್ತಿ ಇರೋ ಹಳೇ ನಾಟಕಗಳನ್ನ, ಮೈ ಫೇರ್ ಲೇಡಿ, ಗೈಸ್ ಅಂಡ್ ಡಾಲ್ಸ್, ಫಿಡ್ಲರ್ ಆನ್ ದ ರೂಫ್ ಇಂಥವನ್ನ, ಎರಡನೇ ಸುತ್ತಿಗೆ ಇಟ್ಕೊಳ್ಳಿ. ಅವು ಕಡಿಮೆ ಅಂತಲ್ಲ, ನನಗೆ ಅವೇ ಹೆಚ್ಚು ಇಷ್ಟ, ಆದ್ರೆ ಅವಕ್ಕೆ ಪಠ್ಯ ಪಕ್ಕದಲ್ಲಿ ಇರ್ಲೇಬೇಕು.

2. ಸರಿಯಾದ ರೆಕಾರ್ಡಿಂಗ್ ಹುಡುಕಿ

ಜಾಸ್ತಿ ಜನ ಎಡವೋದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳ್ತೀನಿ.

ಆ್ಯಪ್‌ನಲ್ಲಿ ನಾಟಕದ ಹೆಸರು ಹಾಕಿದ್ರೆ ಮೂಲ ಬ್ರಾಡ್‌ವೇ ಕಾಸ್ಟ್, ಮೂಲ ಲಂಡನ್ ಕಾಸ್ಟ್, ರಿವೈವಲ್ ಕಾಸ್ಟ್, ಸಿನಿಮಾ ಸೌಂಡ್‌ಟ್ರ್ಯಾಕ್, ಕಾನ್ಸರ್ಟ್, ಸ್ಟುಡಿಯೋ ಕಾಸ್ಟ್, ಕರೋಕೆ, ಯಾರೋ ಊರು ಹೆಸರಿಲ್ಲದವರು ಹಾಡಿದ ಟ್ರಿಬ್ಯೂಟ್ ಎಲ್ಲಾ ಒಟ್ಟಿಗೆ ಬಂದು ಬೀಳುತ್ತೆ. ಹೆಸರಲ್ಲಿ "ಒರಿಜಿನಲ್ ಬ್ರಾಡ್‌ವೇ ಕಾಸ್ಟ್" ಅಥವಾ "ಒರಿಜಿನಲ್ ಲಂಡನ್ ಕಾಸ್ಟ್" ಅಂತ ಇದ್ಯಾ ನೋಡಿ. ಹಾಡಿದವರ ಹೆಸರೇ ಇಲ್ದೇ "ಇನ್‌ಸ್ಪೈರ್ಡ್ ಬೈ", "ಮ್ಯೂಸಿಕ್ ಫ್ರಮ್" ಅಂತ ಇದ್ರೆ ಮುಟ್ಟೋಕೆ ಹೋಗ್ಬೇಡಿ. ಸ್ಟುಡಿಯೋ ಕಾಸ್ಟ್, ಅಂದ್ರೆ ರಂಗದ ಮೇಲೆ ಆಡದೇ ರೆಕಾರ್ಡಿಂಗ್‌ಗೆ ಅಂತಲೇ ಸೇರಿದವರು ಹಾಡಿದ್ದು, ಅದು ಮಾತ್ರ ಎರಡು ಥರ ಇರುತ್ತೆ, ಕೆಲವು ಅಗ್ಗದ ನಕಲು, ಇನ್ನು ಕೆಲವು ಅಪರೂಪದ ಕೆಲಸ. 1927ರ ಶೋ ಬೋಟ್ ನಾಟಕವನ್ನ ವಾದ್ಯವೃಂದ ನಡೆಸೋ ಜಾನ್ ಮೆಗ್ಲಿನ್ 1988ರಲ್ಲಿ ರೆಕಾರ್ಡ್ ಮಾಡಿದ್ದು ಮೂರು ಸಿಡಿ ತುಂಬ ಇದೆ, ಯಾವತ್ತೋ ಕೈಬಿಟ್ಟಿದ್ದ ಹಾಡುಗಳನ್ನೂ ಹುಡುಕಿ ಸೇರಿಸಿದಾರೆ.

ಆಮೇಲೆ ಆಲ್ಬಮ್ ಎಷ್ಟು ಹೊತ್ತಿದೆ ನೋಡಿ. ನಾಟಕ ಎರಡೂವರೆ ಗಂಟೆ, ಆಲ್ಬಮ್ ಐವತ್ತು ನಿಮಿಷ ಅಂದ್ರೆ ಉಳಿದಿದ್ದೆಲ್ಲ ಬರೀ ಮಾತು ಅಂತ ಅಂದ್ಕೋಬೇಡಿ, ಹಾಡುಗಳನ್ನೂ ಕತ್ತರಿಸಿರೋ ಸಾಧ್ಯತೆ ಇದೆ. ಇದಕ್ಕೆ ಕಾರಣ ಹಳೇ ಕಾಲದ ಗ್ರಾಮಫೋನ್ ತಟ್ಟೆ. 1943ರಲ್ಲಿ ಡೆಕ್ಕಾ ಕಂಪನಿ ಒಕ್ಲಹೋಮಾ! ನಾಟಕದ ಹಾಡುಗಳನ್ನ ಅದರ ಕಲಾವಿದರ ಕೈಲೇ ಹಾಡಿಸಿ ತಟ್ಟೆಗಳ ಕಟ್ಟಾಗಿ ಮಾರಿತು, ಕಾಸ್ಟ್ ಆಲ್ಬಮ್ ಅನ್ನೋದು ಅಮೆರಿಕದಲ್ಲಿ ಮನೆಮಾತಾಗಿದ್ದು ಅಲ್ಲಿಂದಲೇ, ಆದ್ರೆ ಆ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡೀತಿದ್ದುದೇ ಕೆಲವು ನಿಮಿಷ. 1948ರಲ್ಲಿ ಹೆಚ್ಚು ಹೊತ್ತು ಓಡೋ ಎಲ್‌ಪಿ ತಟ್ಟೆ ಬಂದ್ಮೇಲೂ ಒಂದು ತಟ್ಟೆಗೆ ಮುಕ್ಕಾಲು ಗಂಟೆ, ಹೆಚ್ಚಂದ್ರೆ ಇನ್ನೊಂದು ಸ್ವಲ್ಪ. 1971ರ ಫಾಲೀಸ್ ನಾಟಕವನ್ನ ಒಂದೇ ಎಲ್‌ಪಿಗೆ ತುರುಕೋಕೆ ಹೋಗಿ ಎಷ್ಟೋ ಹಾಡು ಮೊಟಕಾಯ್ತು, ಕೆಲವು ಬಿಟ್ಟೇ ಹೋಯ್ತು. ಆ ಅನ್ಯಾಯ ಸರಿ ಹೋಗಿದ್ದು 1985ರಲ್ಲಿ, ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದ ಜೊತೆ ಕಾನ್ಸರ್ಟ್ ಮಾಡಿ ರೆಕಾರ್ಡ್ ಮಾಡಿದಾಗ. ಹಾಗಾಗಿ ಫಾಲೀಸ್ ಕೇಳೋರು ಮೂಲ ಕಾಸ್ಟ್ ಒಂದನ್ನೇ ನಂಬ್ಕೋಬೇಡಿ.

ಇನ್ನೊಂದು ಎಚ್ಚರಿಕೆ, "ಹೈಲೈಟ್ಸ್" ಅಂತ ಇರೋ ಆಲ್ಬಮ್. ಫ್ಯಾಂಟಮ್ ಆಫ್ ದಿ ಆಪೆರಾದ 1986ರ ಲಂಡನ್ ಕಾಸ್ಟ್‌ಗೆ ಎರಡು ಡಿಸ್ಕಿನ ಪೂರ್ತಿ ಆವೃತ್ತಿನೂ ಇದೆ, ಒಂದು ಡಿಸ್ಕಿನ ಹೈಲೈಟ್ಸೂ ಇದೆ, ಮುಖಪುಟ ಹೆಚ್ಚೂಕಡಿಮೆ ಒಂದೇ ಥರ ಕಾಣುತ್ತೆ. ಪೂರ್ತಿದನ್ನೇ ತಗೊಳ್ಳಿ. ಲೇ ಮಿಸೆರಾಬ್ಲ್‌ಗೆ 1988ರ ಕಂಪ್ಲೀಟ್ ಸಿಂಫೋನಿಕ್ ರೆಕಾರ್ಡಿಂಗ್ ಹುಡುಕಿ, ಮೂರು ಸಿಡಿಯಷ್ಟು ಉದ್ದ, ಆದ್ರೆ ಒಂದು ಸಣ್ಣ ಎಳೆನೂ ತಪ್ಪಿಹೋಗಲ್ಲ.

ಸಿನಿಮಾ ಸೌಂಡ್‌ಟ್ರ್ಯಾಕನ್ನ ಕಾಸ್ಟ್ ರೆಕಾರ್ಡಿಂಗ್ ಅಂದ್ಕೊಂಡು ಕೇಳೋದು ತುಂಬಾ ಸಾಮಾನ್ಯ. ಸಿನಿಮಾದಲ್ಲಿ ತೆರೆ ಮೇಲೆ ಕಾಣೋರೇ ಹಾಡಿರ್ತಾರೆ ಅಂತ ಗ್ಯಾರಂಟಿ ಇಲ್ಲ. 1961ರ ವೆಸ್ಟ್ ಸೈಡ್ ಸ್ಟೋರಿಯಲ್ಲಿ ನಟಾಲಿ ವುಡ್‌ಗೂ 1964ರ ಮೈ ಫೇರ್ ಲೇಡಿಯಲ್ಲಿ ಆಡ್ರಿ ಹೆಪ್‌ಬರ್ನ್‌ಗೂ ಕಂಠ ಕೊಟ್ಟಿದ್ದು ಒಬ್ಬರೇ, ಮಾರ್ನಿ ನಿಕ್ಸನ್.

3. ಆ್ಯಪ್ ಸೆಟ್ಟಿಂಗ್ ಸರಿ ಮಾಡ್ಕೊಳ್ಳಿ

ಎರಡು ನಿಮಿಷದ ಕೆಲಸ. ಷಫಲ್ ಆಫ್ ಮಾಡಿ. ಕ್ರಾಸ್‌ಫೇಡ್, ಅಂದ್ರೆ ಒಂದು ಹಾಡಿನ ಬಾಲ ಇನ್ನೊಂದರ ತಲೆ ಮೇಲೆ ಹತ್ತೋ ಸೌಲಭ್ಯ, ಅದನ್ನೂ ಆಫ್ ಮಾಡಿ. ಗ್ಯಾಪ್‌ಲೆಸ್ ಅನ್ನೋದು ಇದ್ರೆ ಆನ್ ಮಾಡಿ, ಇಲ್ದಿದ್ರೆ ಒಂದೇ ಉಸಿರಲ್ಲಿ ಹೋಗ್ಬೇಕಾದ ದೃಶ್ಯ ಟ್ರ್ಯಾಕ್ ಬದಲಾಗೋ ಜಾಗದಲ್ಲಿ ಕಡಿದು ಹೋಗುತ್ತೆ. ಆಲ್ಬಮ್ ಮುಗಿದ್ಮೇಲೆ ತಾನಾಗೇ ಬೇರೆ ಹಾಡು ಹಾಕೋ ಆಟೋಪ್ಲೇನೂ ನಿಲ್ಸಿ. ಕೊನೆಯಲ್ಲಿ "ಬೋನಸ್ ಟ್ರ್ಯಾಕ್" ಅಂತ ಇದ್ರೆ ಅದು ನಾಟಕದ ಭಾಗ ಅಲ್ಲ, ಕೈಬಿಟ್ಟ ಹಾಡೋ ಬೇರೆಯವರ ಆವೃತ್ತಿನೋ ಇರುತ್ತೆ, ಮೊದಲ ಸಲ ಅದಕ್ಕೆ ಮುಂಚೆನೇ ನಿಲ್ಸಿಬಿಡಿ.

4. ಕಥೆ ಅರ್ಧ ಮಾತ್ರ ಓದ್ಕೊಳ್ಳಿ

ಏನೂ ಗೊತ್ತಿಲ್ದೇ ಕೇಳಿದ್ರೆ ದಾರಿ ತಪ್ಪುತ್ತೆ, ಎಲ್ಲಾ ಓದ್ಕೊಂಡು ಕೇಳಿದ್ರೆ ಕುತೂಹಲ ಸತ್ತು ಹೋಗುತ್ತೆ. ಬಹುತೇಕ ಮ್ಯೂಸಿಕಲ್‌ಗಳು ಎರಡು ಅಂಕದಲ್ಲಿ ಇರುತ್ತೆ, ಮೊದಲ ಅಂಕದ ಕಥಾಸಾರ ಓದಿ, ಎರಡನೇ ಅಂಕದ್ದು ಬಿಡಿ. ಕಥಾಸಾರ ಎಲ್ಲಿ ಸಿಗುತ್ತೆ ಅಂದ್ರೆ ಸಿಡಿಯ ಜೊತೆ ಬರೋ ಕಿರುಪುಸ್ತಕದಲ್ಲಿ, ಸೋನಿ ಕಂಪನಿಯ ಮಾಸ್ಟರ್‌ವರ್ಕ್ಸ್ ಬ್ರಾಡ್‌ವೇ ಸೈಟ್‌ನಲ್ಲಿ, ಹವ್ಯಾಸಿ ತಂಡಗಳಿಗೆ ನಾಟಕ ಆಡೋ ಹಕ್ಕು ಕೊಡೋ ಮ್ಯೂಸಿಕ್ ಥಿಯೇಟರ್ ಇಂಟರ್‌ನ್ಯಾಷನಲ್, ಕಾನ್‌ಕಾರ್ಡ್ ಥಿಯೇಟ್ರಿಕಲ್ಸ್ ಇಂಥ ಸಂಸ್ಥೆಗಳ ಸೈಟ್‌ನಲ್ಲಿ. ಈ ಹಕ್ಕು ಕೊಡೋರ ಸೈಟ್ ನನಗೆ ಬಲು ಇಷ್ಟ, ಯಾಕಂದ್ರೆ ಅಲ್ಲಿ ಪಾತ್ರಗಳ ಪಟ್ಟಿ, ಯಾರು ಯಾರಿಗೆ ಏನಾಗ್ಬೇಕು ಅಂತೆಲ್ಲ ಚೊಕ್ಕವಾಗಿ ಕೊಟ್ಟಿರ್ತಾರೆ.

ಒಂದು ಹಾಳೆ ಮೇಲೆ ಐದಾರು ಮುಖ್ಯ ಪಾತ್ರಗಳ ಹೆಸರು, ಪಕ್ಕದಲ್ಲಿ ಅವರಿಗೆ ಏನು ಬೇಕಾಗಿದೆ ಅಂತ ಒಂದೊಂದು ಸಾಲು ಬರ್ಕೊಳ್ಳಿ. ಮ್ಯೂಸಿಕಲ್‌ನಲ್ಲಿ ನಾಯಕನೋ ನಾಯಕಿಯೋ ಬಂದ ಸ್ವಲ್ಪ ಹೊತ್ತಲ್ಲೇ ತನಗೆ ಏನು ಬೇಕು ಅಂತ ಹಾಡಿ ಹೇಳ್ಬಿಡೋದು ವಾಡಿಕೆ, ರಂಗದವರು ಅದನ್ನ "ಐ ವಾಂಟ್" ಹಾಡು ಅಂತಾರೆ. ಆ ಹಾಡು ಯಾವುದು ಅಂತ ಗುರುತು ಹಿಡಿದ್ರೆ ಅರ್ಧ ನಾಟಕ ಕೈಗೆ ಸಿಕ್ಕಿದ ಹಾಗೇ.

5. ಕೇಳೋದು, ಮೂರು ಸುತ್ತಿನಲ್ಲಿ

ಮೊದಲ ಸುತ್ತು: ಸಾಹಿತ್ಯ ನೋಡ್ದೇ, ಬೇರೆ ಕೆಲಸ ಮಾಡ್ದೇ, ಮೊದಲ ಅಂಕ ಪೂರ್ತಿ. ತಿಳೀದೇ ಹೋದ ಜಾಗ ಬಂದ್ರೆ ಹಿಂದಕ್ಕೆ ಹೋಗ್ಬೇಡಿ. ಓವರ್ಚರ್ ಇದ್ರೆ ಹಾರಿಸ್ಬೇಡಿ, ಮುಂದೆ ಬರೋ ರಾಗಗಳನ್ನ ನಿಮ್ಮ ಕಿವಿಗೆ ಮೊದಲೇ ಪರಿಚಯ ಮಾಡ್ಸೋಕೇ ಅದು ಇರೋದು. ಅಂಕ ಮುಗಿದಾಗ ನಿಲ್ಸಿ ಎದ್ದು ಓಡಾಡ್ಕೊಂಡು ಬನ್ನಿ, ಎರಡನೇ ಅಂಕ ಆಮೇಲೆ ಹಾಕಿ. ರಂಗದಲ್ಲಿ ಮಧ್ಯಂತರ ಇಟ್ಟಿರೋದು ಸುಮ್ನೆ ಅಲ್ಲ, ಮೊದಲ ಅಂಕದ ಕೊನೆಯ ಹಾಡು ತಲೆಯಲ್ಲಿ ಗುಂಯ್‌ಗುಟ್ಟೋಕೆ ಹದಿನೈದು ನಿಮಿಷ ಬೇಕೇ ಬೇಕು.

ಎರಡನೇ ಸುತ್ತು: ಸಾಹಿತ್ಯ ಮುಂದೆ ಇಟ್ಕೊಂಡು. ಆಲ್ಬಮ್‌ನ ಕಿರುಪುಸ್ತಕದಲ್ಲಿ ಅಚ್ಚಾದ ಸಾಹಿತ್ಯ ಸಿಕ್ರೆ ಅದೇ ಒಳ್ಳೇದು. ಲಿರಿಕ್ಸ್ ಸೈಟ್‌ಗಳಲ್ಲಿ ಯಾರೋ ಕಿವಿಗೆ ಕೇಳಿಸಿದ್ದನ್ನ ಟೈಪ್ ಮಾಡಿರ್ತಾರೆ, ಯಾವ ಸಾಲು ಯಾವ ಪಾತ್ರದ್ದು ಅನ್ನೋದು ಎಷ್ಟೋ ಕಡೆ ತಪ್ಪಿರುತ್ತೆ, ಮ್ಯೂಸಿಕಲ್‌ನಲ್ಲಿ ಯಾರು ಹೇಳಿದ್ರು ಅನ್ನೋದೇ ಮುಖ್ಯ ಆಗಿರೋದ್ರಿಂದ ಇದು ಸಣ್ಣ ತಪ್ಪಲ್ಲ.

ಮೂರನೇ ಸುತ್ತು: ಇಡೀ ಆಲ್ಬಮ್ ಬೇಡ, ಒಂದೋ ಎರಡೋ ಹಾಡು ಆರಿಸ್ಕೊಂಡು ಒಳಗೆ ಇಳೀರಿ. ನಿಜವಾದ ಸುಖ ಇರೋದು ಇಲ್ಲಿ. ವೆಸ್ಟ್ ಸೈಡ್ ಸ್ಟೋರಿಯ 1957ರ ಆಲ್ಬಮ್‌ನಲ್ಲಿ ಮೊದಲ ಅಂಕದ ಕೊನೆಗೆ ಹತ್ರ ಬರೋ ಟುನೈಟ್ ಕ್ವಿಂಟೆಟ್ ತಗೊಳ್ಳಿ. ಐದು ಎಳೆ ಇದೆ: ನ್ಯೂಯಾರ್ಕ್ ಬೀದಿಯ ಎದುರಾಳಿ ಹುಡುಗರಾದ ಜೆಟ್ಸ್ ಗುಂಪು, ಶಾರ್ಕ್ಸ್ ಗುಂಪು, ಅನೀಟಾ, ಪ್ರೇಮಿಗಳಾದ ಟೋನಿ, ಮರಿಯಾ. ಎಲ್ಲರ ಬಾಯಲ್ಲೂ "ಇವತ್ತು ರಾತ್ರಿ" ಅನ್ನೋ ಒಂದೇ ಮಾತು, ಆದ್ರೆ ಎರಡು ಗುಂಪಿಗೆ ಅದು ಹೊಡೆದಾಟದ ರಾತ್ರಿ, ಅನೀಟಾಗೆ ಗೆಳೆಯ ವಾಪಸ್ ಬರೋ ರಾತ್ರಿ, ಟೋನಿ ಮರಿಯಾಗೆ ಪ್ರೇಮದ ರಾತ್ರಿ. ಮೊದಲು ಜೆಟ್ಸ್ ಒಂದನ್ನೇ ಹಿಡಿದು ಕೊನೇವರೆಗೂ ಹೋಗಿ, ಕಡಿದು ಕಡಿದು ಒದೆಯೋ ಥರದ ಲಯ ಕೇಳುತ್ತೆ. ಆಮೇಲೆ ಮತ್ತೆ ಹಾಕಿ ಬರೀ ಮರಿಯಾ ಕಂಠ ಹುಡುಕಿ, ಅದೇ ಲಯದ ಮೇಲೆ ಉದ್ದುದ್ದ ಎಳೆದ ಸ್ವರ ತೇಲ್ತಾ ಇರುತ್ತೆ, ಅದು ಸ್ವಲ್ಪ ಮುಂಚೆ ಅವರಿಬ್ಬರೇ ಹಾಡಿದ ಪ್ರೇಮಗೀತೆಯ ರಾಗ. ಮೂರನೇ ಸಲ ಏನನ್ನೂ ಹಿಡೀದೇ ಸುಮ್ನೆ ಬಿಟ್ಟುಕೊಂಡು ಕೇಳಿ. ಐದೂ ಒಂದರ ಮೇಲೊಂದು ಏರಿ ಕೊನೆಗೆ ಒಟ್ಟಿಗೆ ಬಂದು ನಿಲ್ಲುತ್ತಲ್ಲ, ಆ ಜಾಗದಲ್ಲಿ ಮುಂದೆ ಏನು ಕಾದಿದೆ ಅಂತ ನಮಗೆ ಗೊತ್ತು, ಹಾಡ್ತಿರೋ ಒಬ್ಬರಿಗೂ ಗೊತ್ತಿಲ್ಲ. ಇದನ್ನ ಬರೀ ಮಾತಿನ ನಾಟಕದಲ್ಲಿ ಮಾಡೋಕಾಗಲ್ಲ, ಐದು ಜನ ಒಟ್ಟಿಗೆ ಮಾತಾಡಿದ್ರೆ ಸಂತೆ ಆಗುತ್ತೆ.

ಇನ್ನೊಂದು ಅಭ್ಯಾಸ ರಾಗ ಎಲ್ಲಿ ಮರುಕಳಿಸುತ್ತೆ ಅಂತ ಹಿಡಿಯೋದು. ಲೇ ಮಿಸೆರಾಬ್ಲ್‌ನಲ್ಲಿ ಕಾಯಿಲೆ ಬಿದ್ದ ಫಾಂಟೀನ್ ಮಗಳನ್ನ ಕರೀತಾ ಹಾಡೋ ರಾಗವೇ ಎರಡನೇ ಭಾಗದಲ್ಲಿ ಎಪೋನೀನ್ ಒಂಟಿಯಾಗಿ ಬೀದಿಯಲ್ಲಿ ನಡೀತಾ ಹಾಡೋ ಆನ್ ಮೈ ಓನ್ ಆಗಿ ಬರುತ್ತೆ. ಶುರುವಲ್ಲಿ ಬಿಷಪ್ ಜೈಲಿಂದ ಬಂದ ವಾಲ್‌ಜಾನ್‌ನ ಮನೆಯೊಳಗೆ ಕರೆಯೋವಾಗಿನ ರಾಗವೇ ಕೊನೆಕೊನೆಗೆ ಗೆಳೆಯರನ್ನ ಕಳ್ಕೊಂಡ ಮರಿಯಸ್ ಖಾಲಿ ಕುರ್ಚಿಗಳ ಮುಂದೆ ಕೂತು ಹಾಡೋವಾಗ ಇರುತ್ತೆ. ಯಾಕೆ ಅಂತ ಯಾರೂ ವಿವರಿಸಲ್ಲ, ಕಿವಿ ತಾನಾಗೇ ಒಂದಕ್ಕೊಂದು ಗಂಟು ಹಾಕ್ಕೊಳ್ಳುತ್ತೆ. ಇದು ಒಂದು ಸಲ ಸಿಕ್ಕಿದ್ರೆ ಆಮೇಲೆ ನೀವು ಯಾವ ಮ್ಯೂಸಿಕಲನ್ನೂ ಬರೀ ಹಾಡುಗಳ ಪಟ್ಟಿ ಅಂತ ಕೇಳೋಕೆ ಸಾಧ್ಯ ಇಲ್ಲ.

6. ಈಗ ಪಠ್ಯ ಓದಿ

ಲಿಬ್ರೆಟೋ ಓದೋದು ಬೋರು ಅಂತ ಬಿಡೋರೇ ಜಾಸ್ತಿ, ಆದ್ರೆ ಹಳೇ ಮ್ಯೂಸಿಕಲ್‌ಗಳು ಬಾಯಿ ಬಿಡೋದೇ ಇಲ್ಲಿ. ಓದೋ ರೀತಿ ಹೀಗೆ: ಆ್ಯಪ್ ಪಕ್ಕದಲ್ಲಿಟ್ಕೊಂಡು ಸಂಭಾಷಣೆ ಓದ್ತಾ ಹೋಗಿ, ಹಾಡು ಬಂದ ಜಾಗದಲ್ಲಿ ಓದೋದು ನಿಲ್ಸಿ ಆ ಟ್ರ್ಯಾಕ್ ಹಾಕಿ, ಮುಗಿದ ತಕ್ಷಣ ಮತ್ತೆ ಓದಿ. ಹಾಡಿಗೆ ಮುಂಚಿನ ನಾಲ್ಕು ಸಾಲು ಮಾತು ತುಂಬಾ ಗಮನ ಇಟ್ಟು ಓದಿ, ಮಾತು ಸಾಕಾಗದೇ ಹಾಡಿಗೆ ಜಾರೋ ಆ ಕ್ಷಣವೇ ಬುಕ್ ಬರೆದವರ ಕೈಚಳಕ.

ಒಂದೇ ಕಡೆ ಬೇಕು ಅನ್ನೋರಿಗೆ ಲೈಬ್ರರಿ ಆಫ್ ಅಮೆರಿಕಾ 2014ರಲ್ಲಿ ತಂದ ಅಮೆರಿಕನ್ ಮ್ಯೂಸಿಕಲ್ಸ್ ಅನ್ನೋ ಎರಡು ಸಂಪುಟ ಇದೆ, 1927ರಿಂದ 1969ರವರೆಗಿನ 16 ನಾಟಕಗಳ ಪೂರ್ತಿ ಪಠ್ಯ, ಶೋ ಬೋಟ್, ಒಕ್ಲಹೋಮಾ!, ಜಿಪ್ಸಿ, ಕ್ಯಾಬರೆ ಎಲ್ಲಾ ಅದರಲ್ಲೇ. ಹ್ಯಾಮಿಲ್ಟನ್‌ಗೆ 2016ರಲ್ಲಿ ಬಂದ ದಪ್ಪ ಪುಸ್ತಕದಲ್ಲಿ ಪೂರ್ತಿ ಸಾಹಿತ್ಯದ ಪಕ್ಕದಲ್ಲೇ ನಾಟಕ ಬರೆದ ಲಿನ್ ಮ್ಯಾನುಯೆಲ್ ಮಿರಾಂಡಾ ಅವರ ಟಿಪ್ಪಣಿ ಇದೆ. ದುಡ್ಡು ಖರ್ಚು ಮಾಡ್ದೇ ಅಭ್ಯಾಸ ಆಗ್ಬೇಕು ಅಂದ್ರೆ ಮ್ಯೂಸಿಕಲ್‌ನ ಹಿಂದಿನ ತಲೆಮಾರು ಅನ್ನಬಹುದಾದ ಗಿಲ್ಬರ್ಟ್ ಮತ್ತು ಸಲಿವನ್ ಜೋಡಿಯ ಕೃತಿಗಳಿವೆ, 1878ರ ಪಿನಫೋರ್, 1885ರ ಮಿಕಾಡೋ ಇವಕ್ಕೆ ಕಾಪಿರೈಟ್ ಇಲ್ಲ, ಪ್ರಾಜೆಕ್ಟ್ ಗುಟೆನ್‌ಬರ್ಗ್ ಅನ್ನೋ ಸೈಟ್‌ನಲ್ಲಿ ಪಠ್ಯ ಪುಕ್ಕಟೆ ಸಿಗುತ್ತೆ. ಈ ಜೋಡಿಯ ಕೃತಿಗಳನ್ನ ಆಡ್ತಿದ್ದ ಡಾಯ್ಲಿ ಕಾರ್ಟ್ ಕಂಪನಿಯ 1960ರ ಪಿನಫೋರ್ ರೆಕಾರ್ಡಿಂಗ್‌ನಲ್ಲಿ ಸಂಭಾಷಣೆನೂ ಸೇರಿದೆ, ಪಠ್ಯ ಹಿಡ್ಕೊಂಡು ಕೇಳೋಕೆ ಅದಕ್ಕಿಂತ ಒಳ್ಳೇ ಅಭ್ಯಾಸ ಇಲ್ಲ.

ಕೊಳ್ಳೋವಾಗ ಒಂದು ಎಚ್ಚರ: "ವೋಕಲ್ ಸೆಲೆಕ್ಷನ್ಸ್" ಅಂತ ಇರೋದು ಲಿಬ್ರೆಟೋ ಅಲ್ಲ, ಕೆಲವೇ ಹಾಡುಗಳ ಪಿಯಾನೋ ಸ್ವರಲಿಪಿ. "ವೋಕಲ್ ಸ್ಕೋರ್" ಅಂದ್ರೆ ಎಲ್ಲಾ ಹಾಡುಗಳ ಸ್ವರಲಿಪಿ, ಅದರಲ್ಲೂ ಸಂಭಾಷಣೆ ಪೂರ್ತಿ ಇರಲ್ಲ. ಹಾಡೋರಿಗೆ ನುಡಿಸೋರಿಗೆ ಬಿಟ್ರೆ ಇವೆರಡೂ ಬೇಡ.

7. ವಿಡಿಯೋ: ಮೊದಲು ರಂಗ, ಆಮೇಲೆ ಸಿನಿಮಾ

ಇದನ್ನ ಏಳನೇ ಹಂತಕ್ಕೆ ಇಟ್ಟಿದ್ದಕ್ಕೆ ಕೆಲವರಿಗೆ ಸಿಟ್ಟು ಬರಬಹುದು, ಮೊದಲೇ ನೋಡ್ಬಾರ್ದಾ ಅಂತ. ನೋಡಬಹುದು, ಆದ್ರೆ ಕಿವಿಯಿಂದ ನೀವು ಕಟ್ಟಿಕೊಂಡ ರಂಗ ಒಂದು ಇದ್ರೆ ಆಮೇಲೆ ಕಾಣೋ ಪ್ರತಿ ನಡೆನೂ "ಓ ಹೀಗೆ ಮಾಡಿದಾರಾ" ಅಂತ ಹೊಸದಾಗಿ ಕಾಣುತ್ತೆ.

ಪ್ರೋಶಾಟ್ ಸಿಕ್ರೆ ಅದಕ್ಕೇ ಮೊದಲ ಮಣೆ. ಸಂಗೀತ, ಸಾಹಿತ್ಯ ಎರಡೂ ಬರೆದ ಅಮೆರಿಕದ ಸ್ಟೀಫನ್ ಸೊಂಡ್‌ಹೈಮ್ ಅವರ ನಾಟಕಗಳ ವಿಷಯದಲ್ಲಿ ನಮ್ಮ ಅದೃಷ್ಟ ದೊಡ್ಡದು, ಸ್ವೀನಿ ಟಾಡ್ ಅನ್ನ 1982ರಲ್ಲಿ ಆಂಜೆಲಾ ಲ್ಯಾನ್ಸ್‌ಬರಿ ಇರೋವಾಗಲೇ ಚಿತ್ರೀಕರಿಸಿದಾರೆ, ಸಂಡೇ ಇನ್ ದ ಪಾರ್ಕ್ ವಿತ್ ಜಾರ್ಜ್ 1986ರಲ್ಲಿ, ಇನ್‌ಟು ದ ವುಡ್ಸ್ 1991ರಲ್ಲಿ ಅಮೆರಿಕದ ಟಿವಿಯಲ್ಲಿ ಬಂತು. ಹ್ಯಾಮಿಲ್ಟನ್ 2016ರ ಜೂನ್‌ನಲ್ಲಿ ಮೂಲ ಕಲಾವಿದರ ಜೊತೆ ಚಿತ್ರೀಕರಣ ಆಗಿ 2020ರ ಜುಲೈನಲ್ಲಿ ಡಿಸ್ನಿ ಪ್ಲಸ್‌ಗೆ ಬಂತು. ಕಮ್ ಫ್ರಮ್ ಅವೇ 2021ರಲ್ಲಿ ಆ್ಯಪಲ್ ಟಿವಿ ಪ್ಲಸ್‌ನಲ್ಲಿ. ಫ್ಯಾಂಟಮ್‌ಗೆ 2011ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆದ ಇಪ್ಪತ್ತೈದನೇ ವರ್ಷದ ಪ್ರದರ್ಶನ ಇದೆ. ಬ್ರಾಡ್‌ವೇ ಎಚ್‌ಡಿ ಅನ್ನೋ ಸೇವೆ ಇಂಥವಕ್ಕೆ ಅಂತಲೇ ಇರೋದು, ಲಂಡನ್ನಿನ ನ್ಯಾಷನಲ್ ಥಿಯೇಟರ್ 2009ರಿಂದ ತನ್ನ ನಾಟಕಗಳನ್ನ ಚಿತ್ರಮಂದಿರಗಳಿಗೆ ಪ್ರಸಾರ ಮಾಡ್ತಿದೆ, ಅದರಲ್ಲಿ ಆಗೀಗ ಮ್ಯೂಸಿಕಲ್ ಕೂಡ ಇರುತ್ತೆ. ಯಾವುದು ಯಾವ ದೇಶದಲ್ಲಿ ಸಿಗುತ್ತೆ ಅನ್ನೋದು ಬದಲಾಗ್ತಾನೇ ಇರುತ್ತೆ, ದುಡ್ಡು ಕಟ್ಟೋ ಮುಂಚೆ ನಿಮ್ಮಲ್ಲಿ ಬರುತ್ತಾ ಅಂತ ಹುಡುಕಿ ನೋಡಿ.

ಕಾನ್ಸರ್ಟ್ ಆವೃತ್ತಿ ಅಂದ್ರೆ ಕಲಾವಿದರು ಮೈಕ್ ಮುಂದೆ ನಿಂತು ಹಾಡೋದು, 1995ರ ಲೇ ಮಿಸೆರಾಬ್ಲ್ ಹತ್ತನೇ ವರ್ಷದ ಕಾನ್ಸರ್ಟ್ ಆ ಥರದ್ದು. ಹಾಡುಗಾರಿಕೆಗೆ ಅದ್ಭುತ, ಆದ್ರೆ ಹೊಡೆದಾಟ, ಓಡಾಟ ಏನೂ ಕಾಣಲ್ಲ, ಕಥೆ ಗೊತ್ತಿಲ್ದೇ ಅದರಿಂದ ಶುರು ಮಾಡ್ಬೇಡಿ.

ಇನ್ನು ಸಿನಿಮಾ. ಸಿನಿಮಾ ನೋಡಿದ್ರೆ ಸಾಕಲ್ವಾ ಅನ್ನೋ ಪ್ರಶ್ನೆಗೆ ಉತ್ತರ ದಿ ಸೌಂಡ್ ಆಫ್ ಮ್ಯೂಸಿಕ್‌ನಲ್ಲೇ ಇದೆ. 1965ರ ಸಿನಿಮಾ ನೋಡ್ದೇ ಇರೋರು ಕಡಿಮೆ, ಗುಡುಗು ಮಿಂಚಿಗೆ ಹೆದರಿದ ಮಕ್ಕಳಿಗೆ ಮರಿಯಾ ಮೈ ಫೇವರಿಟ್ ಥಿಂಗ್ಸ್ ಹಾಡೋದು ಎಲ್ಲರಿಗೂ ಗೊತ್ತು. 1959ರ ನಾಟಕದಲ್ಲಿ ಆ ಹಾಡು ಇರೋದು ಮಠದಲ್ಲಿ, ಮರಿಯಾ ಮತ್ತು ಮಠದ ಮುಖ್ಯಸ್ಥೆ ಮದರ್ ಆ್ಯಬೆಸ್ ಇಬ್ಬರೂ ಸೇರಿ ಹಾಡೋದು, ಗುಡುಗಿನ ರಾತ್ರಿಗೆ ಅಲ್ಲಿ ಇರೋದು ಲೋನ್ಲಿ ಗೋಟ್‌ಹರ್ಡ್ ಹಾಡು. ಇಷ್ಟೇ ಆಗಿದ್ರೆ ಜಾಗ ಬದಲಾಯ್ತು ಅಂತ ಸುಮ್ನಿರಬಹುದಿತ್ತು. ಆದ್ರೆ ನಾಟಕದಲ್ಲಿ ಮಕ್ಕಳ ತಂದೆ ಕ್ಯಾಪ್ಟನ್‌ನ ಗೆಳೆಯ ಮ್ಯಾಕ್ಸ್ ಮತ್ತು ಕ್ಯಾಪ್ಟನ್ ಮದುವೆ ಆಗ್ಬೇಕಿದ್ದ ಎಲ್ಸಾಗೆ ಹಾಡುಗಳಿವೆ, ಅದರಲ್ಲಿ ಒಂದು ನೋ ವೇ ಟು ಸ್ಟಾಪ್ ಇಟ್, ನಾಜಿಗಳು ಬರ್ತಿದಾರೆ, ಎದುರು ಹಾಕ್ಕೊಂಡು ಏನು ಮಾಡೋಕಾಗುತ್ತೆ, ಹೊಂದ್ಕೊಂಡು ಹೋಗೋಣ ಅಂತ ಕ್ಯಾಪ್ಟನ್‌ಗೆ ಬುದ್ಧಿ ಹೇಳೋ ಹಾಡು. ಎಷ್ಟು ಲವಲವಿಕೆಯ ರಾಗ ಅಂದ್ರೆ ಕೇಳ್ತಾ ಕೇಳ್ತಾ ತಲೆದೂಗಿಬಿಡ್ತೀರಿ, ಆಮೇಲೆ ಏನಕ್ಕೆ ತಲೆದೂಗಿದೆ ಅಂತ ಮೈ ಜುಮ್ ಅನ್ನುತ್ತೆ. ಕ್ಯಾಪ್ಟನ್ ಮತ್ತು ಎಲ್ಸಾ ಸಂಬಂಧ ಮುರಿಯೋದು ಅಲ್ಲಿ ಈ ವಿಷಯಕ್ಕೇ. ಸಿನಿಮಾದಲ್ಲಿ ಆ ಹಾಡೇ ಇಲ್ಲ, ಅವರಿಬ್ಬರು ದೂರ ಆಗೋದು ಮರಿಯಾ ಕಾರಣಕ್ಕೆ. ಸಿನಿಮಾಗೆ ಅಂತ ಹೊಸದಾಗಿ ಸೇರಿದ ಎರಡು ಹಾಡಿಗೆ ಸಾಹಿತ್ಯ ಕೂಡ ಸಂಗೀತ ಕೊಟ್ಟ ರಿಚರ್ಡ್ ರಾಜರ್ಸ್ ಅವರದ್ದೇ, ನಾಟಕಕ್ಕೆ ಸಾಹಿತ್ಯ ಬರೆದಿದ್ದ ಆಸ್ಕರ್ ಹ್ಯಾಮರ್‌ಸ್ಟೈನ್ 1960ರಲ್ಲೇ ತೀರ್ಕೊಂಡಿದ್ರು.

1972ರ ಕ್ಯಾಬರೆ ಇನ್ನೂ ದೂರ ಹೋಗುತ್ತೆ, ಪಾತ್ರಗಳು ಮನೆಯಲ್ಲಿ, ಬೀದಿಯಲ್ಲಿ ಹಾಡ್ತಿದ್ದ ಹಾಡುಗಳನ್ನೆಲ್ಲ ತೆಗೆದು ಹೆಚ್ಚೂಕಡಿಮೆ ಎಲ್ಲಾ ಹಾಡನ್ನೂ ಕ್ಲಬ್ಬಿನ ವೇದಿಕೆ ಮೇಲೆ ಇಟ್ಟಿದಾರೆ. ಸಿನಿಮಾ ಆಗಿ ಅದು ದೊಡ್ಡ ಕೃತಿ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ 1966ರ ನಾಟಕ ಬೇರೇನೇ. ಎರಡನ್ನೂ ನೋಡಿ, ಎರಡನ್ನೂ ಇಷ್ಟಪಡಿ, ಒಂದನ್ನ ನೋಡಿ ಇನ್ನೊಂದು ಗೊತ್ತು ಅಂತ ಮಾತ್ರ ಅನ್ಬೇಡಿ.

ಕದ್ದು ತೆಗೆದ ವಿಡಿಯೋ ಬಗ್ಗೆನೂ ಕೇಳ್ತಾರೆ. ಜೇಬಲ್ಲಿ ಫೋನ್ ಬಚ್ಚಿಟ್ಕೊಂಡು ತೆಗೆದದ್ದು ಕಾನೂನುಬಾಹಿರ ಅನ್ನೋದು ಒಂದು, ಮುಂದಿನ ಸೀಟಿನವರ ತಲೆ, ಒಡೆದ ಸದ್ದು, ಅರ್ಧಂಬರ್ಧ ಬೆಳಕು ನೋಡಿ ನಾಟಕದ ಬಗ್ಗೆ ಅಭಿಪ್ರಾಯ ಕಟ್ಕೊಳ್ಳೋದು ಆ ಕಲಾವಿದರಿಗೆ ಮಾಡೋ ದ್ರೋಹ ಅನ್ನೋದು ಇನ್ನೊಂದು. ಬಿಡಿ ಅದನ್ನ.

8. ಅದೇ ಹಾಡು, ಬೇರೆ ಕಂಠ

ಒಂದು ನಾಟಕ ಚೆನ್ನಾಗಿ ಒಳಗಿಳಿದ ಮೇಲೆ ಮಾಡ್ಬೇಕಾದ ಕೆಲಸ ಇದು. ಜಿಪ್ಸಿ ನಾಟಕದ ಕೊನೆಯಲ್ಲಿ ರೋಸಸ್ ಟರ್ನ್ ಅಂತ ಒಂದು ಹಾಡಿದೆ, ಮಕ್ಕಳನ್ನ ಸ್ಟಾರ್ ಮಾಡೋಕೆ ಹೋಗಿ ಎಲ್ಲರನ್ನೂ ದೂರ ಮಾಡ್ಕೊಂಡ ತಾಯಿ ಖಾಲಿ ರಂಗದ ಮೇಲೆ ಒಬ್ಬಳೇ ನಿಂತು ಸಿಡಿದು ಬೀಳೋದು, ಹಿಂದೆ ಬಂದ ರಾಗಗಳ ತುಂಡುಗಳೆಲ್ಲ ಒಡೆದು ಚೂರಾಗಿ ಮತ್ತೆ ಬರುತ್ತೆ. 1959ರ ಈಥೆಲ್ ಮರ್ಮನ್, ಆಮೇಲೆ ಆಂಜೆಲಾ ಲ್ಯಾನ್ಸ್‌ಬರಿ, ಟೈನ್ ಡೇಲಿ, ಬರ್ನಡೆಟ್ ಪೀಟರ್ಸ್, ಪ್ಯಾಟಿ ಲುಪೋನ್, ಇಮೆಲ್ಡಾ ಸ್ಟಾಂಟನ್, ಇಷ್ಟು ಜನರ ರೆಕಾರ್ಡಿಂಗೂ ಇದೆ. ಮರ್ಮನ್ ಕಂಠ ತುತ್ತೂರಿ ಥರ, ಒಂದು ಸ್ವರನೂ ಅಲುಗಾಡಲ್ಲ, ಸೋತರೂ ಸೋತೆ ಅಂತ ಒಪ್ಪದ ಹೆಂಗಸು. ಸ್ಟಾಂಟನ್ ಹಾಡೋವಾಗ ಕೆಲವು ಮಾತು ಗಂಟಲಲ್ಲೇ ಸಿಕ್ಕಿಹಾಕ್ಕೊಂಡು ಕೆರೆದುಕೊಂಡು ಹೊರಗೆ ಬರುತ್ತೆ. ಯಾವುದು ಸರಿ ಅಂತ ಜಗಳ ಆಡೋ ಬದಲು ಎರಡರ ಮಧ್ಯೆ ಆ ತಾಯಿ ಬಗ್ಗೆ ನಿಮ್ಮ ಮನಸ್ಸು ಎಲ್ಲಿ ಬದಲಾಯ್ತು ಅಂತ ನೋಡ್ಕೊಳ್ಳಿ.

ಮೈ ಫೇರ್ ಲೇಡಿಗೆ 1956ರ ಬ್ರಾಡ್‌ವೇ ಮೋನೋ, 1959ರ ಲಂಡನ್ ಸ್ಟೀರಿಯೋ ಎರಡೂ ಇದೆ, ಎರಡರಲ್ಲೂ ರೆಕ್ಸ್ ಹ್ಯಾರಿಸನ್ ಮತ್ತು ಜೂಲಿ ಆಂಡ್ರೂಸ್. ಸದ್ದು ಎರಡನೇದರಲ್ಲಿ ಅಗಲವಾಗಿದೆ, ಆದ್ರೂ ನಾನು ಮೊದಲನೇದನ್ನೇ ಕೇಳಿ ಅಂತೀನಿ, ಪಾತ್ರ ಇನ್ನೂ ಬಿಸಿಬಿಸಿಯಾಗಿದ್ದಾಗ ಹಾಡಿದ್ದು ಅನ್ನೋದು ಪ್ರತಿ ಸಾಲಲ್ಲೂ ಕೇಳುತ್ತೆ. ಉಲ್ಟಾ ಉದಾಹರಣೆ ವೆಸ್ಟ್ ಸೈಡ್ ಸ್ಟೋರಿ, 1984ರಲ್ಲಿ ಅದರ ಸಂಗೀತ ಬರೆದ ಬರ್ನ್‌ಸ್ಟೈನ್ ಅವರೇ ನಿಂತು ಒಪೆರಾ ಗಾಯಕರ ಕೈಲಿ ಹಾಡಿಸಿದ್ರು, ಕಿರಿ ಟೆ ಕನಾವಾ ಮತ್ತು ಹೋಸೆ ಕರೇರಾಸ್. ಕಂಠ ಒಂದಕ್ಕಿಂತ ಒಂದು ದೊಡ್ಡದು, ಆದ್ರೆ ಬೀದಿಯ ಹದಿಹರೆಯದವರು ಅಂತ ನಂಬೋಕೆ ನನ್ನ ಕೈಲಿ ಆಗಲ್ಲ. ಮ್ಯೂಸಿಕಲ್‌ಗೆ ಒಳ್ಳೇ ಕಂಠ ಒಂದೇ ಸಾಲದು ಅಂತ ತಿಳಿಯೋಕೆ ಆ ಆಲ್ಬಮ್ ಒಂದ್ಸಲ ಕೇಳಿ.

9. ಹಿಂದಿನ ಕಥೆ, ಇನ್ನೂ ಬೇಕು ಅನ್ನೋರಿಗೆ

ಆಲ್ಬಮ್ ಹೇಗೆ ತಯಾರಾಗುತ್ತೆ ಅಂತ ನೋಡ್ಬೇಕಾದ್ರೆ ಪೆನ್ನಿಬೇಕರ್ 1970ರಲ್ಲಿ ತೆಗೆದ ಒರಿಜಿನಲ್ ಕಾಸ್ಟ್ ಆಲ್ಬಮ್: ಕಂಪನಿ ಅನ್ನೋ ಸಾಕ್ಷ್ಯಚಿತ್ರ ನೋಡಿ, ಒಂದು ಗಂಟೆನೂ ಇಲ್ಲ (ಕಂಪನಿ ಅನ್ನೋದು ಸೊಂಡ್‌ಹೈಮ್ ಅವರ ಒಂದು ಮ್ಯೂಸಿಕಲ್). ರಾತ್ರಿಯೆಲ್ಲ ರೆಕಾರ್ಡಿಂಗ್ ಎಳೆದು ಎಳೆದು ಸುಸ್ತಾದ ನಟಿ ಎಲೇನ್ ಸ್ಟ್ರಿಚ್ ಒಂದೇ ಹಾಡನ್ನ ಮತ್ತೆ ಮತ್ತೆ ಹಾಡಿ ಕಂಠ ಕೈಕೊಟ್ಟು ಒದ್ದಾಡೋದು, ಆಮೇಲೆ ಇನ್ನೊಂದು ದಿನ ಬಂದು ಒಂದೇ ಏಟಿಗೆ ಗೆಲ್ಲೋದು ಅದರಲ್ಲಿದೆ. ಓದೋಕೆ ಸೊಂಡ್‌ಹೈಮ್ ಅವರ ಎರಡು ಪುಸ್ತಕ, 2010ರ ಫಿನಿಶಿಂಗ್ ದ ಹ್ಯಾಟ್ ಮತ್ತು 2011ರ ಲುಕ್, ಐ ಮೇಡ್ ಎ ಹ್ಯಾಟ್, ತಮ್ಮ ಹಾಡಿನ ಒಂದೊಂದು ಪ್ರಾಸವನ್ನೂ ತಾವೇ ಬಿಚ್ಚಿಟ್ಟು ಯಾವುದು ಸೋತಿತು ಅಂತಲೂ ಹೇಳ್ತಾರೆ. ನಾಟಕದ ಕಟ್ಟು ಹೇಗಿರುತ್ತೆ ಅಂತ ತಿಳಿಯೋಕೆ ಜ್ಯಾಕ್ ವಿಯರ್ಟೆಲ್ 2016ರಲ್ಲಿ ಬರೆದ ದ ಸೀಕ್ರೆಟ್ ಲೈಫ್ ಆಫ್ ದ ಅಮೆರಿಕನ್ ಮ್ಯೂಸಿಕಲ್ ಸಾಕು. ಪೂರ್ತಿ ಇತಿಹಾಸ ಟಿವಿಯಲ್ಲೇ ಬೇಕಂದ್ರೆ ಅಮೆರಿಕದ ಸಾರ್ವಜನಿಕ ಟಿವಿ ಪಿಬಿಎಸ್‌ನ 2004ರ ಆರು ಕಂತಿನ ಸರಣಿ ಬ್ರಾಡ್‌ವೇ: ದಿ ಅಮೆರಿಕನ್ ಮ್ಯೂಸಿಕಲ್.

ಯಾವ ನಾಟಕ ಯಾವಾಗ ಬಂತು, ಯಾರು ಆಡಿದ್ರು, ಹಾಡುಗಳ ಕ್ರಮ ಏನು ಅಂತ ನೋಡೋಕೆ ಇಂಟರ್‌ನೆಟ್ ಬ್ರಾಡ್‌ವೇ ಡೇಟಾಬೇಸ್ ಇದೆ, ಪುಕ್ಕಟೆ. ಆಲ್ಬಮ್‌ನಲ್ಲಿ ಯಾವ ಹಾಡು ಬಿಟ್ಟಿದಾರೆ ಅಂತ ತಿಳಿಯೋಕೂ ಇದೇ ಸುಲಭ ದಾರಿ, ಅಲ್ಲಿನ ಹಾಡಿನ ಪಟ್ಟಿ ಮತ್ತು ನಿಮ್ಮ ಆ್ಯಪ್‌ನ ಪಟ್ಟಿ ಅಕ್ಕಪಕ್ಕ ಇಟ್ಟು ನೋಡಿ. ಬ್ರಾಡ್‌ವೇಗೆ ಬರದ ನಾಟಕ ಅಲ್ಲಿ ಇರಲ್ಲ, ಸಿಕ್ಕಿಲ್ಲ ಅಂತ ಗಾಬರಿ ಆಗ್ಬೇಡಿ.

ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯಲ್ಲಿ 1970ರಿಂದ ನಾಟಕಗಳನ್ನ ಚಿತ್ರೀಕರಿಸಿ ಇಡ್ತಾ ಬಂದಿರೋ ಭಂಡಾರ ಒಂದಿದೆ ಅಂತ ಓದಿ ಲಿಂಕ್ ಕೇಳೋರಿಗೆ: ಅದು ಆನ್‌ಲೈನ್‌ನಲ್ಲಿ ನೋಡೋಕೆ ಸಿಗಲ್ಲ, ಮೊದಲೇ ತಿಳಿಸಿ ಅಲ್ಲೇ ಹೋಗಿ ಕೂತು ನೋಡ್ಬೇಕು. ಹಾಗಾಗಿ ಅದರ ಹೆಸರಲ್ಲಿ ಡೌನ್‌ಲೋಡ್ ಲಿಂಕ್ ಕೊಡ್ತೀನಿ ಅನ್ನೋರು ಯಾರಾದ್ರೂ ಸಿಕ್ರೆ ಕ್ಲಿಕ್ ಮಾಡೋಕೆ ಹೋಗ್ಬೇಡಿ.